ಪ್ರಣಯನಾಟಕವೂ ಟೀಕಾಕಾರರ ಹೊಣೆಯೂ

ಲಗ್ನವಾದ ಹೆಣ್ಣೊಬ್ಬಳು ಪರಪುರುಷನಲ್ಲಿ ಮನಸ್ಸಿಟ್ಟ ಕಥೆಯನ್ನು ವಸ್ತುವನ್ನಾಗಿ ಮಾಡಿಕೊಂಡ ಹೊಸ ನಾಟಕವೊಂದು ರಂಗಕ್ಕೆ ಬರಲಿದೆಯೆಂದು ಭಿತ್ತಿಪತ್ರ ಅಂಟಿದೊಡನೆ, ಅದರ ಟೀಕೆಯು ನಾಟಕಗೃಹದಲ್ಲಿ ಹುಟ್ಟುವುದಕ್ಕೆ ಎರಡು ದಿನ ಮುಂಚೆಯೇ ದುರ್ಗದಬೈಲಿನಲ್ಲಿ ಹುಟ್ಟಿಬಿಡುತ್ತದೆ. ಸಂಜೆಯ ಹೊತ್ತು ಗಿರಮಿಟ್ಟು-ಮಿರ್ಚಿಯ ಅಂಗಡಿಯ ಮುಂದೆ ನಿಂತ ನಾಲ್ವರಲ್ಲಿ ಒಬ್ಬರು ಅದು ಸಂಸಾರ ಕೆಡಿಸುವ ನಾಟಕವೆಂದು ತೀರ್ಪು ಕೊಡುತ್ತಾರೆ. ಇನ್ನೊಬ್ಬರು ಅದು ಕಾಲಕ್ಕೆ ತಕ್ಕ ಧೈರ್ಯದ ಕೃತಿಯೆಂದು ಹೊಗಳುತ್ತಾರೆ. ಮೂರನೆಯವರು ಟಿಕೀಟಿನ ದರವನ್ನು ವಿಚಾರಿಸುತ್ತಾರೆ. ನಾಲ್ಕನೆಯವರು ಮಾತ್ರ, ನೋಡಿ ಬಂದ ಮೇಲೆ ಮಾತಾಡೋಣವೆನ್ನುತ್ತಾರೆ. ಈ ನಾಲ್ಕನೆಯ ಸದ್ಗೃಹಸ್ಥರ ಪಕ್ಷವನ್ನು ಹಿಡಿದು ಕೆಲವು ಮಾತು ಬರೆಯುವುದು ಇಂದಿನ ನಮ್ಮ ಉದ್ದೇಶವಾಗಿರುತ್ತದೆ.

ಬೈಲಿನ ಮಾತು ಬೈಲಿನಲ್ಲಿಯೇ ಉಳಿದರೆ ಯಾರಿಗೂ ಹಾನಿಯಿಲ್ಲ. ಆದರೆ ಅದೇ ಮಾತು ಅಚ್ಚಿನ ವೇಷವನ್ನು ತೊಟ್ಟು ವಿಮರ್ಶೆಯೆಂದು ಹೊರಬಿದ್ದಾಗ ಅದರ ಪರಿಣಾಮವೇ ಬೇರೆ. ಸಭಾಗೃಹದ ಬಾಗಿಲು ಮುಚ್ಚುತ್ತದೆ. ಅಧಿಕಾರಿಗಳ ಮೇಜಿನ ಮೇಲೆ ತಕರಾರು ಅರ್ಜಿ ಬೀಳುತ್ತದೆ. ನಾಯಿಕೆಯ ಪಾತ್ರವನ್ನು ವಹಿಸಿದ ನಟಿಯು ಬೀದಿಯಲ್ಲಿ ತಲೆಯೆತ್ತಿ ನಡೆಯದಂತಾಗುತ್ತದೆ. ಒಂದು ನಾಟಕಮಂಡಲಿಯ ಅನ್ನವೂ ಒಬ್ಬ ಹೆಣ್ಣುಮಗಳ ಮಾನವೂ ಟೀಕಾಕಾರನ ಲೆಕ್ಕಣಿಕೆಯ ತುದಿಯಲ್ಲಿರುವಾಗ ಅವನು ಹೇಗೆ ನೋಡಬೇಕು, ಏನನ್ನು ಕೇಳಬೇಕು ಎಂಬ ಪ್ರಶ್ನೆಯು ಕೇವಲ ರಸಿಕರ ಹರಟೆಯ ಪ್ರಶ್ನೆಯಲ್ಲ.

ಮೊದಲನೆಯದಾಗಿ, ಇಂಥ ವಸ್ತುವು ಪಾಶ್ಚಾತ್ಯರ ಅನುಕರಣದಿಂದ ಬಂದ ಪಿಡುಗು ಎಂಬ ಆಕ್ಷೇಪವನ್ನು ಪರೀಕ್ಷಿಸೋಣ. ಹೊಯ್ಸಳರ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನ ಕವಿಯು 1209ರಲ್ಲಿಯೇ ತನ್ನ ‘ಯಶೋಧರ ಚರಿತೆ’ಯನ್ನು ಬರೆದನು. ಅದರಲ್ಲಿ ರಾಣಿ ಅಮೃತಮತಿಯು ಕುರೂಪಿಯಾದ ಮಾವುತನ ಗಾನಕ್ಕೆ ಮನಸೋತು ಅರಮನೆಯ ಸುಖವನ್ನು ಮರೆಯುತ್ತಾಳೆ. ಆ ಕೃತಿಯು ಜೈನಧರ್ಮದ ಅಹಿಂಸೆಯನ್ನು ಬೋಧಿಸಲು ಹುಟ್ಟಿದ್ದು. ಆದರೂ ಕವಿಯು ಆ ರಾತ್ರಿಯ ಗಾನವನ್ನು ಮುಚ್ಚಿಡಲಿಲ್ಲ. ನಮ್ಮ ಆಲಂಕಾರಿಕರಂತೂ ಪರಸ್ತ್ರೀ-ಪರಪುರುಷರ ಪ್ರೇಮಕ್ಕೆ ಶೃಂಗಾರಾಭಾಸವೆಂದು ಹೆಸರಿಟ್ಟು ಅದರ ಸ್ಥಾನವನ್ನು ಗೊತ್ತುಪಡಿಸಿದರು. ಅವರಿಗೆ ಅದು ಮೇಲಾದ ಶೃಂಗಾರವೆನಿಸಲಿಲ್ಲ. ಆದರೆ ಅದನ್ನು ನೋಡಿ ಕಣ್ಣು ಮುಚ್ಚಿಕೊಳ್ಳಿರೆಂದು ಅವರು ಹೇಳಲಿಲ್ಲ. ಹೆಸರಿಡುವುದು ವಿದ್ವಾಂಸನ ಕೆಲಸ, ಹೆದರುವುದು ಅಲ್ಲ.

ಪುಸ್ತಕದ ಮಾತು ಒತ್ತಟ್ಟಿಗಿರಲಿ. ನಮ್ಮ ಈ ಭಾಗದ ರೈತನು ಕಂಬಳಿ ಹೊದ್ದು ಬೆಳಗಾಗುವ ವರೆಗೆ ಕುಳಿತು ನೋಡಿದ ಆಟವಾದರೂ ಯಾವುದು? ದೊಡ್ಡಾಟವು ಪುರಾಣದ ವೀರರನ್ನು ಕುಣಿಸಿದರೆ, ಸಣ್ಣಾಟವು ಊರೊಳಗಿನ ಸಾಮಾನ್ಯರ ಸಂಸಾರವನ್ನು ಹಾಡಿತು. ಆ ಸಣ್ಣಾಟಗಳಲ್ಲೆಲ್ಲ ಜನಮನವನ್ನು ಸೂರೆಗೊಂಡದ್ದು ಬೈಲಹೊಂಗಲದ ನೆಲದ ಕಥೆಯಾದ ‘ಸಂಗ್ಯಾ-ಬಾಳ್ಯಾ’. ಬೈಲವಾಡದ ಪತ್ತಾರ ಮಾಸ್ತರರು ಕಟ್ಟಿದ ಆಟವೆಂದು ಜನರು ಅದನ್ನು ನೆನೆಯುತ್ತಾರೆ. ಸಂಗ್ಯಾ ಸಿರಿವಂತ, ಬಾಳ್ಯಾ ಅವನ ಪ್ರಾಣಸ್ನೇಹಿತ, ಗಂಗಿಯು ಈರ್ಯಾನ ಹೆಂಡತಿ. ಗಂಗಿಯನ್ನು ಕಂಡು ಸಂಗ್ಯಾ ಮರುಳಾಗುತ್ತಾನೆ, ಪಾರಮ್ಮನೆಂಬ ಮುದುಕಿ ನಡುವೆ ಓಡಾಡುತ್ತಾಳೆ, ಗಂಡ ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಪ್ರಣಯವು ಕೈಗೂಡುತ್ತದೆ, ಕೊನೆಗೆ ಗೆಳೆಯನಾದ ಬಾಳ್ಯಾನ ದ್ರೋಹದಿಂದಲೇ ಸಂಗ್ಯಾನು ಕೊಲೆಗೆ ಈಡಾಗುತ್ತಾನೆ. ಈ ಕಥೆಗಾಗಿ ಇಬ್ಸೆನ್ನನನ್ನು ಓದಬೇಕಾಗಿರಲಿಲ್ಲ, ಹಡಗು ಹತ್ತಬೇಕಾಗಿರಲಿಲ್ಲ. ಅದು ಮಲಪ್ರಭೆಯ ಸೀಮೆಯ ಎರೆಯ ಹೊಲದಲ್ಲಿ ಬೆಳೆದ ಬೆಳೆ.

ಆದರೆ ಈ ಆಟದ ಹೆಸರನ್ನು ವಾಚಕರು ಇನ್ನೊಮ್ಮೆ ಗಮನಿಸಬೇಕು. ಪ್ರೇಮಿಸಿದವರು ಸಂಗ್ಯಾ ಮತ್ತು ಗಂಗಿ. ಆಟದ ಹೆಸರಾದರೋ ಸಂಗ್ಯಾ-ಬಾಳ್ಯಾ! ಜನರ ನೆನಪಿನಲ್ಲಿ ಅದು ಇಬ್ಬರು ಗಂಡಸರ ಸ್ನೇಹದ ಮತ್ತು ಆ ಸ್ನೇಹದ ಭಂಗದ ಕಥೆಯಾಗಿ ಉಳಿಯಿತು. ಮೂರನೆಯ ಗಂಡಸಾದ ಈರ್ಯಾನ ಮನೆತನದ ಮಾನವು ಅದರ ತಕ್ಕಡಿ. ಗಂಗಿಯು ಆ ತಕ್ಕಡಿಯಲ್ಲಿ ತೂಗಲ್ಪಡುವ ವಸ್ತು. ಆಕೆ ಏಕೆ ಮೊದಲು ನಿರಾಕರಿಸಿದಳು, ಏಕೆ ಆಮೇಲೆ ಒಪ್ಪಿದಳು, ಎಲ್ಲವೂ ಮುಗಿದ ಮೇಲೆ ಆಕೆಯ ಬಾಳು ಏನಾಯಿತು ಎಂದು ಬೆಳಗಿನ ಜಾವ ಮನೆಗೆ ಮರಳುವ ಪ್ರೇಕ್ಷಕನು ಎಷ್ಟರ ಮಟ್ಟಿಗೆ ಕೇಳಿಕೊಂಡನು? ಇದು ಆಟವನ್ನು ಕಟ್ಟಿದವರ ಮೇಲಣ ದೂಷಣೆಯಲ್ಲ. ಅಂದಿನ ಸಮಾಜವು ಕೇಳಲು ಕಲಿತಿದ್ದ ಪ್ರಶ್ನೆಯೇ ಅಷ್ಟು: ಯಾರ ಸೊತ್ತು ಕಳುವಾಯಿತು? ಕದ್ದವನಾರು? ಒಳಗಿದ್ದು ಬಾಗಿಲು ತೆರೆದವನಾರು?

ತರುವಾಯದ ನಮ್ಮ ನಾಟಕಕಾರರು ಈ ಪ್ರಶ್ನೆಯನ್ನು ಬದಲಿಸಿದರು. ಇದು ಕನ್ನಡ ರಂಗಭೂಮಿಗೆ ಹೆಮ್ಮೆಯ ವಿಷಯವಾಗಿದ್ದು, ಬೆಳಗಾವಿ-ಧಾರವಾಡ ಸೀಮೆಗೆ ಅದರಲ್ಲಿ ದೊಡ್ಡ ಪಾಲುಂಟು. ಘೋಡಗೇರಿಯ ಚಂದ್ರಶೇಖರ ಕಂಬಾರರು ಸಂಗ್ಯಾ-ಬಾಳ್ಯಾ ಆಟವನ್ನು ಸಂಪಾದಿಸಿ ಪ್ರಕಟಿಸಿದವರು. ಅದರ ಮಟ್ಟು, ಅದರ ಮರ್ಮ ಎರಡನ್ನೂ ಬಲ್ಲವರು. ಅವರ ‘ಜೋಕುಮಾರಸ್ವಾಮಿ’ಯು 1972ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ರಂಗವನ್ನೇರಿತು. ಊರ ನೆಲವನ್ನೆಲ್ಲ ನುಂಗಿದ ಗೌಡನಿಗೆ ಮಕ್ಕಳಿಲ್ಲ. ಜೋಕುಮಾರನ ಹುಣ್ಣಿಮೆಯಂದು ಗೌಡತಿಯು ಗಂಡನಿಗೆಂದು ಒಯ್ದ ಪಡವಲಕಾಯಿಯ ಪಲ್ಯವನ್ನು ಹೊಲದ ಗುಡಿಸಲಿನಲ್ಲಿದ್ದ ಬಸಣ್ಣನು ಉಣ್ಣುತ್ತಾನೆ. ಅಲ್ಲಿಂದ ಮುಂದಿನ ಪ್ರಣಯವು ಹೆಣ್ಣಿನ ಬಸಿರಿನ ಪ್ರಶ್ನೆಯೊಡನೆ ಉಳುವವನ ನೆಲದ ಪ್ರಶ್ನೆಯನ್ನೂ ಕೂಡಿಸಿಕೊಳ್ಳುತ್ತದೆ. ಹೊಲದ ಒಡೆಯನೆನ್ನಿಸಿಕೊಂಡವನು ಅದನ್ನು ಉಳಲಿಲ್ಲ, ಹೆಂಡತಿಯ ಒಡೆಯನೆನ್ನಿಸಿಕೊಂಡವನು ಆಕೆಯೊಡನೆ ಬಾಳಲಿಲ್ಲ. ಹಾಗಿದ್ದರೆ ಒಡೆತನವೆಂಬುದು ಯಾವುದು? ಎರಡು ವರ್ಷಗಳ ತರುವಾಯ, 1974ರಲ್ಲಿ, ಕರ್ನಾಟಕದಲ್ಲಿ ಗೇಣಿದಾರರಿಗೆ ಭೂಮಿಯನ್ನು ಕೊಡುವ ತಿದ್ದುಪಡಿಯು ಜಾರಿಗೆ ಬಂದಿತು. ಈ ನಾಟಕವನ್ನು ಕೇವಲ ಹಾದರದ ಕಥೆಯೆಂದು ಓದಿದ ಟೀಕಾಕಾರನು ಇದ್ದನಾದರೆ ಅವನು ಗುಡಿಸಲನ್ನು ಕಂಡನು, ಹೊಲವನ್ನು ಕಾಣಲಿಲ್ಲ ಎನ್ನಬೇಕು.

ಗಿರೀಶ ಕಾರ್ನಾಡರ ಉದಾಹರಣೆಯು ಇನ್ನೂ ಹತ್ತಿರದ್ದು. ಅವರ ನಾಟಕಗಳನ್ನು ಲೋಕಕ್ಕೆ ಕೊಟ್ಟದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಜನ್ನನ ಅಮೃತಮತಿಯ ಕಥೆಯನ್ನು ಅವರು ‘ಹಿಟ್ಟಿನ ಹುಂಜ’ದಲ್ಲಿ ಮರಳಿ ಎತ್ತಿಕೊಂಡರು. ಎ. ಕೆ. ರಾಮಾನುಜನ್ನರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಕೂಡಿಸಿ 1980ರ ದಶಕದ ಕೊನೆಯಲ್ಲಿ ‘ನಾಗಮಂಡಲ’ವನ್ನು ಬರೆದರು. ಅದರಲ್ಲಿ ಗಂಡನಾದ ಅಪ್ಪಣ್ಣನು ಹೆಂಡತಿ ರಾಣಿಯನ್ನು ಮನೆಯಲ್ಲಿ ಕೂಡಿ ಕೀಲಿ ಹಾಕಿ ತಾನು ಬೇರೊಬ್ಬಳ ಮನೆಗೆ ಹೋಗುತ್ತಾನೆ. ನಾಗನು ಗಂಡನ ರೂಪವನ್ನು ತಾಳಿ ರಾತ್ರಿಯ ಹೊತ್ತು ಬರುತ್ತಾನೆ. ರಾಣಿಯು ಬಸಿರಾದಾಗ ಪಂಚರ ಮುಂದೆ ದಿವ್ಯಕ್ಕೆ ನಿಲ್ಲಬೇಕಾದವಳು ಆಕೆಯೇ. ಊರಿಗೆಲ್ಲ ಗೊತ್ತಿದ್ದ ಗಂಡನ ನಡತೆಯನ್ನು ಪಂಚರು ಕೇಳುವುದಿಲ್ಲ. ಹುತ್ತಕ್ಕೆ ಕೈಯಿಕ್ಕಿ ಆಕೆ ಹೇಳುವ ಮಾತು ಅಕ್ಷರಶಃ ಸತ್ಯ. ಆ ಸತ್ಯದಿಂದಲೇ ಆಕೆ ದೇವಿಯಾಗುತ್ತಾಳೆ. ಈ ನಾಟಕವು 1993ರಲ್ಲಿ ಅಮೇರಿಕೆಯ ಮಿನಿಯಾಪೊಲಿಸ್ ನಗರದ ಗತ್ರಿ ಥಿಯೇಟರಿನಲ್ಲಿ ಪ್ರಯೋಗವಾಯಿತು; 1997ರಲ್ಲಿ ಟಿ. ಎಸ್. ನಾಗಾಭರಣರ ಚಿತ್ರವಾಗಿ ಹಳ್ಳಿಹಳ್ಳಿಗೆ ತಲುಪಿತು. ಎಷ್ಟೋ ಸುಸಂಸ್ಕೃತ ಕುಟುಂಬಗಳು ಕೂಡಿ ಕುಳಿತು ಅದನ್ನು ನೋಡಿದವು. ಅದರಿಂದ ಯಾವ ಸಂಸಾರವೂ ಮುರಿದಂತೆ ನಾವು ಕೇಳಿಲ್ಲ. ಕೀಲಿ ಹಾಕಿದ ಕೆಲವು ಬಾಗಿಲುಗಳ ಬಗ್ಗೆ ಕೆಲವು ಮನೆಗಳಲ್ಲಿ ವಿಚಾರವೆದ್ದಿದ್ದರೆ ಅದು ಲಾಭವೇ ಸರಿ.

ಹೀಗೆ ಗಂಗಿಯಿಂದ ಗೌಡತಿಗೆ, ಗೌಡತಿಯಿಂದ ರಾಣಿಗೆ ನಮ್ಮ ರಂಗಭೂಮಿಯು ನಡೆದು ಬಂದ ಹಾದಿಯು ಸ್ಪಷ್ಟವಾಗಿದೆ. ಯಾರ ಸೊತ್ತು ಕಳುವಾಯಿತು ಎಂಬಲ್ಲಿಂದ ಹೊರಟು, ಇದು ಯಾರ ಬಾಳು ಎಂಬಲ್ಲಿಗೆ ಅದು ತಲುಪಿದೆ. ಕಾಯದೆಯು ಇದೇ ಹಾದಿಯನ್ನು ಬಹಳ ತಡವಾಗಿ ತುಳಿಯಿತು. ಆಂಗ್ಲ ಪ್ರಭುತ್ವವು 1860ರಲ್ಲಿ ರಚಿಸಿದ ಭಾರತೀಯ ದಂಡಸಂಹಿತೆಯ 497ನೆಯ ಕಲಮಿನ ಮೇರೆಗೆ, ಪರರ ಹೆಂಡತಿಯೊಡನೆ ಆಕೆಯ ಗಂಡನ ಸಮ್ಮತಿಯಿಲ್ಲದೆ ಸಂಗ ಮಾಡಿದ ಪುರುಷನಿಗೆ ಐದು ವರ್ಷಗಳ ವರೆಗೆ ಕಾರಾಗೃಹವಾಸವನ್ನು ವಿಧಿಸಬಹುದಾಗಿತ್ತು. ಗಂಡನು ಸಮ್ಮತಿಸಿದ್ದರೆ ಅಪರಾಧವೇ ಇಲ್ಲ! ಗಂಡನೇ ತಪ್ಪಿ ನಡೆದರೆ ಹೆಂಡತಿಗೆ ಆ ಕಲಮಿನಲ್ಲಿ ಫಿರ್ಯಾದಿಗೆ ಆಸ್ಪದವೂ ಇಲ್ಲ! ಒಡೆಯನ ಒಪ್ಪಿಗೆಯಿಂದ ದೋಷವು ತೊಳೆದುಹೋಗುವುದು ಸೊತ್ತಿನ ವ್ಯವಹಾರದಲ್ಲಿ ಮಾತ್ರ. ಈ ಕಲಮು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು 2018ರ ಸಪ್ಟೆಂಬರ 27ರಂದು ಜೋಸೆಫ್ ಶೈನ್ ಮೊಕದ್ದಮೆಯಲ್ಲಿ ಏಕಮತದಿಂದ ಸಾರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಮರಳಿ ಸೇರಲಿಲ್ಲ. ವಿವಾಹದ ನಿಷ್ಠೆಗೆ ಬೆಲೆಯಿಲ್ಲವೆಂದು ನ್ಯಾಯಾಲಯವು ಹೇಳಲಿಲ್ಲ. ನಿಷ್ಠಾಭಂಗವು ವಿಚ್ಛೇದನಕ್ಕೆ ಕಾರಣವಾಗಿಯೇ ಉಳಿದಿದೆ. ಹೆಂಡತಿಯು ಗಂಡನ ಸೊತ್ತಲ್ಲವೆಂದಷ್ಟೇ ಅದು ಹೇಳಿತು. ಹೀಗಿರಲು, ಹೊಸ ನಾಟಕವನ್ನು ನೋಡಿ ಬಂದು ಮನೆತನದ ಮಾನವೊಂದನ್ನೇ ಅಳೆದು, ನಾಯಿಕೆಯ ಮನಸ್ಸಿನ ಮಾತನ್ನೇ ಎತ್ತದ ಟೀಕಾಕಾರನು ಯಾವ ಪೀಠದಲ್ಲಿ ಕುಳಿತಿದ್ದಾನೆ? ನ್ಯಾಯಾಲಯವು ಕಿತ್ತೊಗೆದ 497ನೆಯ ಕಲಮನ್ನು ಅವನು ನಾಟಕಗೃಹದ ಬಾಗಿಲಿಗೆ ತಂದು ನೆಟ್ಟಂತಾಗುವುದಿಲ್ಲವೆ?

ಅಧಿಕಾರಿ ವರ್ಗದ ವಾಚಕರಲ್ಲಿಯೂ ನಮ್ಮದೊಂದು ಅರಿಕೆ ಇದೆ. ಅಶ್ಲೀಲತೆಯ ಹೆಸರಿನಲ್ಲಿ ನಾಟಕದ ಮೇಲೆ ಬೀಳುವ ಹೊಡೆತವು ಯಾವಾಗಲೂ ಅಶ್ಲೀಲತೆಗಾಗಿಯೇ ಬಿದ್ದಿರುವುದಿಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1876ರಲ್ಲಿ ಕಲಕತ್ತೆಯಲ್ಲಿ ‘ಸುರೇಂದ್ರ-ವಿನೋದಿನೀ’ ಎಂಬ ಬಂಗಾಲೀ ನಾಟಕವನ್ನು ಆಡಿದವರ ಮೇಲೆ ಸರಕಾರವು ಅಶ್ಲೀಲತೆಯ ಆರೋಪವನ್ನು ಹೊರಿಸಿತು. ಉಪೇಂದ್ರನಾಥ ದಾಸ, ಅಮೃತಲಾಲ ಬಸು ಇವರಿಗೆ ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಹೈಕೋರ್ಟು ಅದನ್ನು ತಳ್ಳಿಹಾಕಿತು. ನಿಜವಾಗಿ ಸರಕಾರವನ್ನು ನೋಯಿಸಿದ್ದು ಆ ನಾಟಕದಲ್ಲಿ ಬರುವ ಬಿಳಿಯ ಮ್ಯಾಜಿಸ್ಟ್ರೇಟನ ದುರ್ವರ್ತನೆಯ ಚಿತ್ರ. ಅದೇ ವರ್ಷ ನಾಟಕ ಪ್ರಯೋಗಗಳ ಕಾಯದೆಯು ಹುಟ್ಟಿ, ರಾಜದ್ರೋಹವನ್ನೂ ನೀತಿಭ್ರಷ್ಟತೆಯನ್ನೂ ಒಂದೇ ಹಗ್ಗದಿಂದ ಕಟ್ಟಿತು. ನೆರೆಯ ಮಹಾರಾಷ್ಟ್ರದಲ್ಲಿ ಖಾಡಿಲ್ಕರರ ‘ಕೀಚಕವಧ’ವು 1907ರಲ್ಲಿ ರಂಗಕ್ಕೆ ಬಂದು 1910ರಲ್ಲಿ ನಿಷೇಧಕ್ಕೆ ಗುರಿಯಾಯಿತು. ಪರಸತಿಯನ್ನು ಬಯಸಿದ ಕೀಚಕನಲ್ಲಿ ಜನರು ಲಾರ್ಡ್ ಕರ್ಜನ್ನನನ್ನು ಕಂಡಿದ್ದರು. 1876ರ ಆ ಕೇಂದ್ರ ಕಾಯದೆಯನ್ನು ಸ್ವತಂತ್ರ ಭಾರತದ ಸಂಸತ್ತು ರದ್ದುಗೊಳಿಸಿದ್ದು ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಕಳೆದ ಮೇಲೆ! ಪುಸ್ತಕದಿಂದ ಅಳಿದ ಕಾಯದೆಯು ಮನಸ್ಸಿನಿಂದ ಅಳಿಯುವುದು ಇನ್ನೂ ನಿಧಾನ. ಜೋಕುಮಾರಸ್ವಾಮಿಯು ರಂಗವೇರಿದ ಅದೇ 1972ರಲ್ಲಿ ಮುಂಬಯಿಯಲ್ಲಿ ವಿಜಯ ತೆಂಡೂಲಕರರ ‘ಸಖಾರಾಮ ಬೈಂಡರ’ಕ್ಕೆ ಪರಿನಿರೀಕ್ಷಣ ಮಂಡಳಿಯು ಅಡ್ಡಬಂದಿತು, ಹೈಕೋರ್ಟಿನ ಬಾಗಿಲು ತಟ್ಟಿದ ಮೇಲೆಯೇ ಅದಕ್ಕೆ ದಾರಿಯಾಯಿತು. ತಕರಾರು ಅರ್ಜಿಯೊಂದು ಕೈಗೆ ಬಂದಾಗ, ಅರ್ಜಿದಾರರು ನಾಟಕವನ್ನು ನೋಡಿದ್ದಾರೆಯೇ ಎಂಬ ಒಂದು ಪ್ರಶ್ನೆಯನ್ನು ಅಧಿಕಾರಿಗಳು ಮೊದಲು ಕೇಳಿದರೆ ಅರ್ಧ ತಂಟೆಯು ಅಲ್ಲಿಯೇ ತೀರುವುದು.

ನಿಂದಕರಿಗೆ ಇಷ್ಟು ಹೇಳಿದ ಮೇಲೆ ಹೊಗಳುಭಟರಿಗೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ವಸ್ತುವು ಧೈರ್ಯದ್ದೆಂಬ ಮಾತ್ರದಿಂದಲೇ ನಾಟಕವು ಒಳ್ಳೆಯದಾಗುವುದಿಲ್ಲ. ಪರಪುರುಷ-ಪರಸ್ತ್ರೀಯರನ್ನು ದೀಪದ ಬೆಳಕಿನಲ್ಲಿ ನಿಲ್ಲಿಸಿ ನಾಲ್ಕು ಹಾಡು ಹಾಡಿಸಿ, ಬಿಟ್ಟುಹೋದ ಗಂಡನನ್ನಾಗಲಿ, ತಾಯಿಯ ದಾರಿ ಕಾಯುವ ಮಕ್ಕಳನ್ನಾಗಲಿ ಒಮ್ಮೆಯೂ ತೋರಿಸದೆ ಪರದೆ ಬೀಳಿಸುವುದು ಕಲೆಯ ಧೈರ್ಯವಲ್ಲ, ಲೆಕ್ಕ ತಪ್ಪಿಸುವ ಜಾಣತನ. ಪ್ರೇಮವು ಹೊಸದಾಗಿ ಹುಟ್ಟಿದಲ್ಲಿ ಹಳೆಯದೊಂದು ನಂಬುಗೆಯು ಸಾಯುತ್ತದೆ. ಹುಟ್ಟನ್ನು ಮಾತ್ರ ಆಚರಿಸಿ ಸಾವಿಗೆ ಕಣ್ಣೀರು ಹಾಕದ ನಾಟಕವು ಅರ್ಧ ನಾಟಕ. ಹಾಗೆಯೇ ಮೂರಂಕಗಳ ಪರ್ಯಂತ ಶೃಂಗಾರವನ್ನು ಉಣಬಡಿಸಿ, ಕೊನೆಯ ಐದು ನಿಮಿಷದಲ್ಲಿ ನಾಯಿಕೆಗೆ ವಿಷ ಕುಡಿಸಿ ನೀತಿಯನ್ನು ಅಂಟಿಸುವ ನಾಟಕವೂ ಅಷ್ಟೇ ಸುಳ್ಳು. ಅದು ಪ್ರೇಕ್ಷಕನ ಚಪಲವನ್ನೂ ತಣಿಸಿ ಅವನ ಸಜ್ಜನಿಕೆಯನ್ನೂ ತಟ್ಟಿ ಕಳಿಸುವ ಎರಡು ನಾಲಗೆಯ ವ್ಯಾಪಾರ.

ನಮಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಬೇರೊಂದು ಉಂಟು. ಗಂಭೀರವಾದ ಪ್ರಣಯನಾಟಕಕ್ಕೆ ಮೂಗು ಮುರಿಯುವ ಮಹನೀಯರೇ ಜಾತ್ರೆಯ ಡೇರೆಗಳಲ್ಲಿ ದ್ವಂದ್ವಾರ್ಥದ ಮಾತಿಗೆ ಹೊಟ್ಟೆ ಹಿಡಿದು ನಗುವುದನ್ನು ಕಾಣಬಹುದು. ಅಲ್ಲಿ ಹೆಣ್ಣಿಗೆ ಮನಸ್ಸೇ ಇಲ್ಲ. ಮೈ ಮಾತ್ರ ಇದೆ. ಅದನ್ನು ಹಾಸ್ಯವೆಂದು ಮನ್ನಿಸುತ್ತೇವೆ. ಇಲ್ಲಿ ಹೆಣ್ಣೊಬ್ಬಳು ತನಗೆ ಮನಸ್ಸುಂಟೆಂದು ಬಾಯಿಬಿಟ್ಟು ಹೇಳಿದೊಡನೆ ಸಂಸ್ಕೃತಿಗೆ ಕುತ್ತು ಬಂದಿತೆನ್ನುತ್ತೇವೆ. ಸದಭಿರುಚಿಯೆಂಬುದು ಈ ಎರಡು ಅಳತೆಗಳ ನಡುವೆ ಬಾಳಲಾರದು. ಇದರ ಪೆಟ್ಟು ನಟಿಯರ ಮೇಲೆ ಬೀಳುವ ಬಗೆಯಂತೂ ಖೇದಕರ. ದುರ್ಯೋಧನನ ಪಾತ್ರವನ್ನು ವಹಿಸಿದವನನ್ನು ಯಾರೂ ದಾಯಾದಿದ್ರೋಹಿಯೆಂದು ಬೀದಿಯಲ್ಲಿ ಕರೆಯುವುದಿಲ್ಲ. ಗಂಗಿಯ ಪಾತ್ರವನ್ನು ವಹಿಸಿದವಳನ್ನು ಮಾತ್ರ ಗಂಗಿಯೆಂದೇ ನೋಡುತ್ತೇವೆ. ಕೌಜಲಗಿಯ ನಿಂಗಮ್ಮನಂಥ ಕಲಾವಿದೆಯರು ಶ್ರೀಕೃಷ್ಣಪಾರಿಜಾತವನ್ನು ಊರೂರಿಗೆ ಒಯ್ದು ಹೆಣ್ಣಿಗೆ ರಂಗದ ಮೇಲೆ ಗೌರವದ ಸ್ಥಾನವನ್ನು ಗಳಿಸಿಕೊಟ್ಟ ನಾಡಿದು. ಆ ಗಳಿಕೆಯನ್ನು ನಮ್ಮ ಅಡ್ಡನುಡಿಗಳಿಂದ ಕಳೆಯುವುದು ಕೃತಘ್ನತೆ.

ಹಾಗಾದರೆ ಟೀಕಾಕಾರನು ಮಾಡತಕ್ಕದ್ದೇನು? ನಮ್ಮ ಅಭಿಪ್ರಾಯದಲ್ಲಿ ಅವನು ನಾಟಕವನ್ನು ಮೊದಲಿನಿಂದ ಕೊನೆಯ ವರೆಗೆ ನೋಡಿ, ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಬೇಕು. ಪ್ರಣಯಕ್ಕೆ ಹಿಂದಿನ ಆ ಮನೆಯನ್ನು ನಾಟಕಕಾರನು ತೋರಿಸಿದ್ದಾನೆಯೇ? ಪ್ರೇಮಿಸಿದ ಹೆಣ್ಣು ತನ್ನ ಮಾತನ್ನು ತಾನೇ ಆಡುತ್ತಾಳೆಯೇ, ಇಲ್ಲವೆ ಅವಳ ಪರವಾಗಿ ಗಂಡಸರೇ ಆಡಿ ಮುಗಿಸುತ್ತಾರೆಯೇ? ಅಂತ್ಯವು ಪಾತ್ರಗಳ ಕೃತ್ಯದಿಂದ ಫಲಿಸಿದೆಯೇ, ಹೊರಗಿನಿಂದ ಅಂಟಿಸಿದ್ದೇ? ಪ್ರೇಕ್ಷಕರ ನಗೆಯು ಯಾರ ಮೇಲೆ ಬೀಳುತ್ತದೆ, ಬಲವುಳ್ಳವನ ಮೇಲೋ, ಬಲವಿಲ್ಲದವಳ ಮೇಲೋ? ಈ ಪ್ರಶ್ನೆಗಳಿಗೆ ಉತ್ತರ ಬರೆದ ಮೇಲೆ ಅವನು ನಾಟಕವನ್ನು ಕಟುವಾಗಿ ಖಂಡಿಸಿದರೂ ನಮ್ಮ ತಕರಾರಿಲ್ಲ. ಅದು ಅವನ ಹಕ್ಕು. ಅದನ್ನು ಬರೆಯದೆ ಬೆಳಕಿನ ಯೋಜನೆ ಸೊಗಸಾಗಿತ್ತು, ಉಡುಗೆ ಒಪ್ಪಿತ್ತು, ಹಾರ್ಮೋನಿಯಮ್ಮಿನ ಸಾಥ ಚೆನ್ನಾಗಿತ್ತು ಎಂದು ಮುಗಿಸುವ ಟೀಕೆಯು ಮದುವೆಗೆ ಹೋಗಿ ವಧೂವರರನ್ನು ನೋಡದೆ ಉಂಡು ಬಂದಂತೆ. 1891ರಲ್ಲಿ ಲಂಡನ್ನಿನಲ್ಲಿ ಇಬ್ಸೆನ್ನನ ‘ಘೋಸ್ಟ್ಸ್’ ನಾಟಕವನ್ನು ಅಲ್ಲಿಯ ದೊಡ್ಡ ದೊಡ್ಡ ಪತ್ರಗಳು ಹೊಲಸೆಂದು ಬಯ್ದವು. ನಾಟಕವು ಇಂದಿಗೂ ಜಗತ್ತಿನ ರಂಗಗಳ ಮೇಲಿದೆ. ಆ ಬೈಗುಳಗಳನ್ನು ಈಗ ಯಾರಾದರೂ ಓದಿದರೆ ನಗುವುದಕ್ಕಾಗಿ ಮಾತ್ರ.

ಚಿಕ್ಕ ಮಕ್ಕಳಿರುವ ಮನೆಯ ಹಿರಿಯರು ಯಾವ ನಾಟಕಕ್ಕೆ ಯಾರನ್ನು ಕರೆದೊಯ್ಯಬೇಕೆಂದು ವಿಚಾರಿಸುವುದು ಯುಕ್ತವೇ. ಮಂಡಲಿಗಳು ತಮ್ಮ ಜಾಹೀರಾತಿನಲ್ಲಿ ವಸ್ತುವನ್ನು ಪ್ರಾಮಾಣಿಕವಾಗಿ ತಿಳಿಸುವುದು ಅವುಗಳ ಕರ್ತವ್ಯವೇ. ಆದರೆ ಪ್ರೌಢರಿಗೆ ಯಾವುದು ಒಗ್ಗುವುದೆಂಬುದನ್ನು ಪ್ರೌಢರೇ ಗೊತ್ತುಮಾಡಲಿ. ಆ ಪ್ರೌಢರಲ್ಲಿ ಹೆಂಗಸರೂ ಇದ್ದಾರೆಂಬುದನ್ನು ಮರೆಯದಿರೋಣ. ಇಂಥ ನಾಟಕಗಳ ಮೇಲಣ ವಾದವೆಲ್ಲ ಗಂಡಸರೊಳಗೇ ನಡೆದು ತೀರುತ್ತದೆ. ಯಾರ ಬಾಳಿನ ಮಾತೋ ಅವರ ಅಭಿಪ್ರಾಯವನ್ನು ಕೇಳುವವರಿಲ್ಲ. ಆದುದರಿಂದ ಸಂಪಾದಕರಲ್ಲಿ, ನಾಟ್ಯಸಂಘಗಳ ಚಾಲಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಮುಂದೆ ಇಂಥ ನಾಟಕವೊಂದು ಊರಿಗೆ ಬಂದಾಗ ಅದರ ವಿಮರ್ಶೆಯನ್ನು ಬರೆಯಲು ಅಭಿಜ್ಞೆಯಾದ ಒಬ್ಬ ಮಹಿಳೆಯನ್ನೂ ಕೇಳಿಕೊಳ್ಳಿರಿ. ವಾಚಕರಲ್ಲಿ ವಿಜ್ಞಾಪನೆ: ಮನೆಯವರನ್ನು ಕರೆದುಕೊಂಡು ಹೋಗಿರಿ, ಮರಳಿ ಬರುವಾಗ ದಾರಿಯಲ್ಲಿ ತೀರ್ಪನ್ನು ಮೊದಲು ನೀವು ಹೇಳಬೇಡಿರಿ, ಅವರನ್ನು ಹೇಳಗೊಡಿರಿ. ಗಂಗಿಗೆ ಏನನಿಸಿತ್ತೆಂಬುದನ್ನು ಆಟವು ನಮಗೆ ಹೇಳಲಿಲ್ಲ; ನಮ್ಮ ಮನೆಯೊಳಗಿನವರಿಗೆ ಏನನಿಸುತ್ತದೆಂಬುದನ್ನಾದರೂ ನಾವು ಕೇಳಿ ತಿಳಿಯಬಹುದಾಗಿದೆ.